ಟ್ರಂಕಿನಲ್ಲಿ ಸಿಕ್ಕ ಬೆಳ್ಳಿಹಬ್ಬದ ಮಕ್ಕಳ ಪ್ಲೇಟು: 1972ರದ್ದಾ, 1975ರದ್ದಾ?

ಕುಕ್ಕರಹಳ್ಳಿ
ಎಲ್ಲರಿಗೂ ನಮಸ್ಕಾರ. ಅಜ್ಜನ ಮನೆ ಖಾಲಿ ಮಾಡುವಾಗ ಟ್ರಂಕಿನ ತಳದಲ್ಲಿ, ಹಳೇ ಪಂಚಾಂಗಗಳ ನಡುವೆ, ಒಂದು ಗ್ರಾಮಫೋನ್ ಪ್ಲೇಟು ಸಿಕ್ಕಿತು. ಸಣ್ಣದು, ಏಳು ಇಂಚಿನದು. ನಾಯಿ ಚಿತ್ರದ ಲೇಬಲ್. ಅರ್ಧ ಲೇಬಲ್ ಹುಳ ತಿಂದು ಹೋಗಿದೆ. ಓದಲು ಬರುವುದು "ಮಕ್ಕಳ ವೃಂದ" ಅನ್ನುವ ಎರಡು ಪದ, ಆಮೇಲೆ 45 ಅನ್ನುವ ಅಂಕಿ, ಅಷ್ಟೇ. ಕವರಿನ ಮೇಲೆ ಬಾವುಟ ಹಿಡಿದ ಮಕ್ಕಳು, ಒಂದು ಹಣತೆ, ಅದರ ಉರಿಯೊಳಗೆ 25 ಅಂತ ಬರೆದಿದೆ.

ಅಮ್ಮನಿಗೆ ತೋರಿಸಿದೆ. ಕೈಯಲ್ಲಿದ್ದ ಸೊಪ್ಪು ಹಾಗೇ ಬಿಟ್ಟು ಎದ್ದು ಬಂದರು. "ಇದರಲ್ಲಿ ನಾನು ಹಾಡಿದ್ದೀನಿ ಕಣೋ" ಅಂದರು. ನನಗೆ ನಲವತ್ತು ದಾಟಿದೆ, ಈ ವಿಷಯ ಇವತ್ತೇ ಮೊದಲು ಕೇಳಿದ್ದು! ಅಮ್ಮ ಆಗ ಐದನೇ ಕ್ಲಾಸಂತೆ. ಇಪ್ಪತ್ತು ಮಕ್ಕಳನ್ನು ರಾತ್ರಿ ರೈಲಿನಲ್ಲಿ ಮದರಾಸಿಗೆ ಕರೆದುಕೊಂಡು ಹೋಗಿದ್ದರಂತೆ.

ಪಕ್ಕದ ಮನೆಯವರ ಸೂಟ್‌ಕೇಸ್ ಥರದ ಹೊಸ ಪ್ಲೇಯರಿನಲ್ಲಿ ಒಂದು ಸಲ ಹಾಕಿದೆವು. ಹಾಡು ಬಂತು, ಆದರೆ ನಡುವೆ ಮುಳ್ಳು ಹಾರುತ್ತೆ. ಕೇಳಿಸಿದ್ದು ಇಷ್ಟು:

ಇಪ್ಪತ್ತೈದು ಹಣತೆ ಹಚ್ಚಿ
ಸಾಲಾಗಿ ಇಡೋಣ
ನೆಲವ ಉತ್ತ ಅಪ್ಪಗೊಂದು
ಗಡಿಯ ಕಾಯ್ದ ಅಣ್ಣಗೊಂದು
(ಇಲ್ಲಿ ಹಾರುತ್ತೆ)
ನಮಗೂ ಒಂದು ಇಡೋಣ

ನನ್ನ ಪ್ರಶ್ನೆಗಳು. ಇದು ಯಾವ ವರ್ಷದ್ದು? ಹಾಳಾಗದ ಹಾಗೆ ಕೇಳುವುದು ಹೇಗೆ? ಅಮ್ಮ ಹಾಡಿದ್ದಕ್ಕೆ ಏನಾದರೂ ದಾಖಲೆ ಸಿಗಬಹುದಾ?

ಮುಳ್ಳುಪೆಟ್ಟಿಗೆ
ಮೊದಲು ಒಂದು ಮಾತು. ಆ ಸೂಟ್‌ಕೇಸ್ ಪ್ಲೇಯರಿನಲ್ಲಿ ದಯವಿಟ್ಟು ಇನ್ನೊಂದು ಸಲವೂ ಹಾಕಬೇಡಿ. ಒಳ್ಳೆ ಕಾರ್ಟ್ರಿಡ್ಜ್ (ಮುಳ್ಳು ಕೂರಿಸುವ ತಲೆ) ಆದರೆ ಮುಳ್ಳಿನ ಭಾರ ಪ್ಲೇಟಿನ ಮೇಲೆ ಒಂದೂವರೆ, ಎರಡು ಗ್ರಾಂ ಬೀಳುತ್ತೆ. ಅಂಥ ಅಗ್ಗದ ಪ್ಲೇಯರುಗಳಲ್ಲಿ ಅದರ ಎರಡು ಮೂರು ಪಟ್ಟು. ಪ್ರತಿ ಸಲವೂ ಹಾಡು ಕೊರೆದಿರುವ ಗೀರು ಸ್ವಲ್ಪ ಸವೆಯುತ್ತೆ. ಇನ್ನೊಂದು ಪ್ರತಿ ಎಲ್ಲಿದೆಯೋ ಗೊತ್ತಿಲ್ಲದ ಪ್ಲೇಟಿಗೆ ಹೀಗೆ ಮಾಡಬಾರದು.

ಕುಕ್ಕರಹಳ್ಳಿ
ಅಯ್ಯೋ, ಗೊತ್ತಿರಲಿಲ್ಲ ಸರ್. ಎತ್ತಿಟ್ಟಿದ್ದೇನೆ.

ತೀರ್ಥಹಳ್ಳಿಮಳೆ
ಹುಷಾರು, ಹಳೇ ಪ್ಲೇಟು ಅರಗಿನದು. ಕೈಜಾರಿದರೆ ಹಂಚಿನ ಥರ ಒಡೆದುಹೋಗುತ್ತೆ. ನಮ್ಮ ಮನೆಯಲ್ಲಿ ಹಾಗೆ ನಾಲ್ಕು ಹೋಗಿವೆ.

ಮುಳ್ಳುಪೆಟ್ಟಿಗೆ
ತೀರ್ಥಹಳ್ಳಿಯವರೇ, ಅರಗಿನದು ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟು. ಇದು 45 ಸುತ್ತಿನದು, ವಿನೈಲ್ ಅನ್ನುವ ಪ್ಲಾಸ್ಟಿಕ್‌ನದು. ಬಿದ್ದರೆ ಒಡೆಯಲ್ಲ, ಆದರೆ ಬಿಸಿಲಿಗೆ ಹಪ್ಪಳದ ಹಾಗೆ ಡೊಂಕಾಗುತ್ತೆ. ಈ ವ್ಯತ್ಯಾಸ ತೊಳೆಯುವಾಗಲೂ ಮುಖ್ಯ. ಅರಗಿನ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಿದರೆ ಅರಗೇ ಕರಗಿಬಿಡುತ್ತೆ, ಗೀರು ಪೂರ್ತಿ ಹಾಳು. ಮುಳ್ಳೂ ಬೇರೆ, 78ಕ್ಕೆ ದಪ್ಪ, 45ಕ್ಕೂ 33ಕ್ಕೂ ತೆಳು.

ಅಂಚೆಚೀಟಿ
25 ಅಂದರೆ ಸ್ವಾತಂತ್ರ್ಯದ ಬೆಳ್ಳಿಹಬ್ಬ, ಆಗಸ್ಟ್ 1972. ಆ ವರ್ಷ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ ಬಂತು, ಐವತ್ತು ಪೈಸೆಯದೂ ಬಂತು. ನನ್ನ ಹತ್ತಿರ ಐವತ್ತು ಪೈಸೆಯದು ಇದೆ. ಇದರಲ್ಲಿ ಅನುಮಾನ ಯಾಕೆ?

ನೇರಮಾತು
ಅನುಮಾನ ಇದೆ. ಗಣರಾಜ್ಯ ಆಗಿದ್ದು 26 ಜನವರಿ 1950. ಅದಕ್ಕೂ 25 ತುಂಬಿತಲ್ಲ, ಜನವರಿ 1975ಕ್ಕೆ. ಹಾಡಿನಲ್ಲಿ "ಸ್ವಾತಂತ್ರ್ಯ" ಅನ್ನುವ ಪದವೇ ಇಲ್ಲ. ಬರೀ ಹಣತೆ ಲೆಕ್ಕ. ಯಾವ ಹಬ್ಬವಾದರೂ ಆಗಬಹುದು.

ಅಂಚೆಚೀಟಿ
ಗಣರಾಜ್ಯದ ಬೆಳ್ಳಿಹಬ್ಬಕ್ಕೆ ಮಕ್ಕಳ ಪ್ಲೇಟು ಯಾರು ಮಾಡ್ತಾರೆ?

ನೇರಮಾತು
ಯಾಕೆ ಮಾಡಬಾರದು? ನಿಮಗೆ ಅನಿಸಿದ್ದು ಸಾಕ್ಷಿ ಆಗಲ್ಲ. ಕವರಿನ ಹಿಂದೆ ಏನಿದೆ ಅಂತ ಮೊದಲು ನೋಡಲಿ.

ಕುಕ್ಕರಹಳ್ಳಿ
ಹಿಂಬದಿ ಅರ್ಧ ಹರಿದಿದೆ. ಉಳಿದದ್ದರಲ್ಲಿ "...ಮೈಸೂರು ರಾಜ್ಯದ ಮಕ್ಕಳ ಕಾಣಿಕೆ" ಅಂತ ಒಂದು ಸಾಲು. ಕೆಳಗೆ ಸಣ್ಣಕ್ಷರದಲ್ಲಿ ದಂ ದಂ, ಕಲ್ಕತ್ತ ಅಂತ ಕಂಪನಿಯ ವಿಳಾಸ. ಪಿನ್‌ಕೋಡ್ ಇಲ್ಲ.

ಅಂಚೆಚೀಟಿ
ಸಿಕ್ಕಿತು! ಪಿನ್‌ಕೋಡ್ ಶುರುವಾಗಿದ್ದೇ 15 ಆಗಸ್ಟ್ 1972ರಂದು, ಅದೇ ಬೆಳ್ಳಿಹಬ್ಬದ ದಿನ. ವಿಳಾಸದಲ್ಲಿ ಪಿನ್ ಇಲ್ಲ ಅಂದರೆ ಕವರ್ ಅದಕ್ಕಿಂತ ಮುಂಚೆ ಅಚ್ಚಾಗಿದೆ.

ನೇರಮಾತು
ಪಿನ್ ಬಂದ ಮಾರನೇ ದಿನವೇ ಎಲ್ಲರೂ ಬರೆದರಾ? ನಮ್ಮಪ್ಪ ಎಷ್ಟೋ ವರ್ಷ "ಬೆಂಗಳೂರು-4" ಅಂತಲೇ ಬರೆಯುತ್ತಿದ್ದರು, ಆಮೇಲೆ ತಾನೇ 560004 ರೂಢಿಯಾಗಿದ್ದು? ಅಚ್ಚಿನವರು ಹಳೇ ಬ್ಲಾಕನ್ನೇ ಇಟ್ಟುಕೊಂಡಿರುತ್ತಾರೆ. ಇದರಿಂದ ಏನೂ ತೀರ್ಮಾನ ಆಗಲ್ಲ.

ಆದರೆ "ಮೈಸೂರು ರಾಜ್ಯ" ಅನ್ನುವುದು ಗಟ್ಟಿ ಸಾಕ್ಷಿ, ಅದನ್ನು ಒಪ್ಪುತ್ತೇನೆ. 1 ನವೆಂಬರ್ 1973ಕ್ಕೆ ರಾಜ್ಯದ ಹೆಸರು ಕರ್ನಾಟಕ ಆಯಿತು. 1975ರಲ್ಲಿ ಯಾರೂ "ಮೈಸೂರು ರಾಜ್ಯದ ಮಕ್ಕಳು" ಅಂತ ಅಚ್ಚು ಹಾಕಿಸುತ್ತಿರಲಿಲ್ಲ. ಹಾಗಾಗಿ 1972. ನಾನು ಹೇಳಿದ್ದು ತಪ್ಪಾಯಿತು.

ಸಂಪಿಗೆಮರ
ಒಂದು ಸಣ್ಣ ವಿಷಯ. 15 ಆಗಸ್ಟ್ 1972 ಇಪ್ಪತ್ತಾರನೇ ಸ್ವಾತಂತ್ರ್ಯ ದಿನ, ಇಪ್ಪತ್ತೈದನೇ ವರ್ಷ ತುಂಬಿದ ದಿನ. ಎರಡನ್ನೂ ಒಂದೇ ಮಾಡಿ ಬರೆಯುವವರು ಜಾಸ್ತಿ. ಮಗು ಹುಟ್ಟಿದ ದಿನವನ್ನೂ ಹುಟ್ಟುಹಬ್ಬ ಅಂತ ಹಿಡಿದರೆ ಲೆಕ್ಕ ಒಂದು ಜಾಸ್ತಿ ಆಗುತ್ತಲ್ಲ, ಹಾಗೆ.

ಮೇಷ್ಟ್ರು_ತಿಪಟೂರು
ಈ ಹಾಡು ನನಗೆ ಗೊತ್ತು.

ನಾನು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಕೆಲಸಕ್ಕೆ ಸೇರಿದಾಗ ಆ ಶಾಲೆಯ ಬೀರುವಿನಲ್ಲಿ ಇದೇ ಪ್ಲೇಟು ಇತ್ತು. ಊರಿನ ಒಬ್ಬ ಅಡಿಕೆ ಮಂಡಿಯವರ ಹತ್ತಿರ ಫಿಯೆಸ್ಟಾ ಪ್ಲೇಯರ್ ಇತ್ತು. ಅದು ಬ್ಯಾಟರಿಯಲ್ಲೂ ನಡೆಯುತ್ತಿತ್ತು, ಕರೆಂಟು ಇಲ್ಲದ ಊರಿಗೆ ಅದೇ ದೊಡ್ಡ ಅನುಕೂಲ. ಆಗಸ್ಟ್ ಬಂತೆಂದರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ತರುತ್ತಿದ್ದೆ. ಮಕ್ಕಳು ಸುತ್ತ ಕೂತು ಪ್ಲೇಟಿನ ಮೇಲೆ ನಾಯಿ ತಿರುಗುವುದನ್ನೇ ನೋಡುತ್ತಿದ್ದರು. ಮೂರು ದಿನದಲ್ಲಿ ಹಾಡು ಬಾಯಿಗೆ ಬರುತ್ತಿತ್ತು.

ಹಾರುವ ಸಾಲು ಇದು: "ಅಕ್ಕಿ ಕೇರೋ ಅಮ್ಮಗೊಂದು". ಮಕ್ಕಳು ಅಲ್ಲಿ ಮೊರ ಹಿಡಿದ ಹಾಗೆ ಅಭಿನಯ ಮಾಡುತ್ತಿದ್ದರು. ಅದಕ್ಕೇ ಚೆನ್ನಾಗಿ ನೆನಪಿದೆ.

ಕುಕ್ಕರಹಳ್ಳಿ
ಮೇಷ್ಟ್ರೇ, ನಿಮ್ಮ ಮಾತು ಓದಿ ಮೈ ಜುಮ್ಮೆಂದಿತು. ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಒಪ್ಪುತ್ತಿಲ್ಲ. ಅದು "ಅಕ್ಷರ ಕಲಿಸೋ ಅಮ್ಮಗೊಂದು" ಅಂತೆ. ತಾನೇ ಹಾಡಿದ್ದು ತನಗೆ ಗೊತ್ತಿಲ್ಲವಾ ಅಂತ ಕೇಳುತ್ತಿದ್ದಾರೆ.

ಮೇಷ್ಟ್ರು_ತಿಪಟೂರು
ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಆದರೆ ಅದು ಅಕ್ಕಿಯೇ. ಮೊರದ ಅಭಿನಯ ಸುಮ್ಮನೆ ಬರಲಿಲ್ಲ.

ತೀರ್ಥಹಳ್ಳಿಮಳೆ
"ಅಕ್ಷರ ಕಲಿಸೋ ಅಮ್ಮ" ಚೆನ್ನಾಗಿದೆ ಅಲ್ವಾ? ಅರ್ಥ ಇದೆ ಅದರಲ್ಲಿ.

ಸಂಪಿಗೆಮರ
ಅಕ್ಕಿ ಕೇರೋ ಅಮ್ಮನಿಗೆ ಅರ್ಥ ಇಲ್ಲವಾ? ಅಪ್ಪ ಉತ್ತ, ಅಣ್ಣ ಗಡಿ ಕಾಯ್ದ, ಅಮ್ಮನ ಕೆಲಸವನ್ನೂ ಅದೇ ಸಾಲಿಗೆ ತಂದು ಒಂದು ದೀಪ ಇಟ್ಟರು. ನನಗಂತೂ ಅದೇ ಇಷ್ಟ.

ನೇರಮಾತು
ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಕೇಳಲೇಬೇಕು. ಇಪ್ಪತ್ತು ಮಕ್ಕಳನ್ನು ಮೈಸೂರಿಂದ ಮದರಾಸಿಗೆ ಯಾಕೆ ಕರೆದುಕೊಂಡು ಹೋಗಬೇಕಿತ್ತು? ಅಲ್ಲಿಯ ಮಕ್ಕಳಿಗೇ ಕನ್ನಡ ಕಲಿಸಿ ಹಾಡಿಸಬಹುದಿತ್ತು. ಐವತ್ತು ವರ್ಷದ ಹಿಂದಿನ ನೆನಪು. ಶಾಲೆಯಲ್ಲಿ ಹಾಡಿದ್ದು, ರೇಡಿಯೋದಲ್ಲಿ ಕೇಳಿದ್ದು, ಪ್ಲೇಟಿನಲ್ಲಿ ಕೇಳಿದ್ದು ಎಲ್ಲ ಒಂದರೊಳಗೊಂದು ಸೇರಿಕೊಂಡಿರಬಹುದು. ಸಾಲಿನ ಪದವೇ ಅವರಿಗೆ ಬೇರೆ ನೆನಪಿದೆ ಅಂದಮೇಲೆ ಅನುಮಾನ ಇನ್ನೂ ಜಾಸ್ತಿ ಆಗುತ್ತೆ.

ಮುಳ್ಳುಪೆಟ್ಟಿಗೆ
ಮದರಾಸಿನ ವಿಷಯ ಸರಿಯಾಗೇ ಇದೆ ಬಿಡಿ. ಆ ಕಾಲದಲ್ಲಿ ಕನ್ನಡ ಸಿನಿಮಾ ಹಾಡುಗಳೇ ಬಹುಪಾಲು ಮದರಾಸಿನಲ್ಲಿ ಧ್ವನಿಮುದ್ರಣ ಆಗುತ್ತಿದ್ದವು. ಅಲ್ಲಿ ಹಾಡಿಸಿ, ಟೇಪು ದಂ ದಂ ಕಾರ್ಖಾನೆಗೆ ಹೋಗಿ, ಪ್ಲೇಟು ಅಲ್ಲಿಂದ ಬರುತ್ತಿತ್ತು.

ಹೆಸರಿನ ದಾಖಲೆ ಸಿಗುವುದು ಕಷ್ಟ. "ಮಕ್ಕಳ ವೃಂದ" ಅಂತ ಬರೆದುಬಿಟ್ಟರೆ ಮುಗೀತು, ಯಾರ ಹೆಸರೂ ಇರಲ್ಲ. ನನಗೆ ಯಾವಾಗಲೂ ಬೇಸರ ತರುವ ವಿಷಯ ಇದು. 1902ರಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಪ್ಲೇಟಿಗೆ ಹಾಡಿದಾಗ ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಗಟ್ಟಿಯಾಗಿ ಹೇಳುತ್ತಿದ್ದರು. ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಯಾವ ಲೇಬಲ್ ಯಾರಿಗೆ ಅಂಟಿಸಬೇಕು ಅಂತ ತಿಳಿಯಲಿ ಅಂತ ಹೀಗೆ ಹೇಳಿಸುತ್ತಿದ್ದರು. ಅದರಿಂದ ಅವರ ಹೆಸರು ಅವರದೇ ದನಿಯಲ್ಲಿ ಉಳಿಯಿತು. ಈ ಇಪ್ಪತ್ತು ಮಕ್ಕಳಿಗೆ ಆ ಅವಕಾಶ ಸಿಗಲಿಲ್ಲ.

ಸಂಪಿಗೆಮರ
ಗೌಹರ್ ಜಾನ್ ಕೊನೆಗಾಲ ಕಳೆದದ್ದು ನಮ್ಮ ಮೈಸೂರಿನಲ್ಲೇ, ಅರಮನೆಯ ಆಸ್ಥಾನದಲ್ಲಿ. ತೀರಿಕೊಂಡಿದ್ದೂ ಇಲ್ಲೇ, ಜನವರಿ 1930ರಲ್ಲಿ. ಎಷ್ಟು ಜನಕ್ಕೆ ಗೊತ್ತು?

ತೀರ್ಥಹಳ್ಳಿಮಳೆ
ನನಗೆ ಗೊತ್ತಿರಲಿಲ್ಲ. ಲೇಬಲ್ ಮೇಲಿನ ಆ ನಾಯಿಗೂ ಹೆಸರಿದೆ, ನಿಪ್ಪರ್. ನಾಯಿಗೆ ಇದೆ, ಹಾಡಿದ ಮಕ್ಕಳಿಗೆ ಇಲ್ಲ ಅಂದರೆ ಸಂಕಟ ಆಗುತ್ತೆ.

ಕುಕ್ಕರಹಳ್ಳಿ
ನೇರಮಾತು ಅವರೇ, ನೀವು ಕೇಳಿದ್ದು ಸರಿ. ಬೇಜಾರಿಲ್ಲ. ಅಮ್ಮನ ಹತ್ತಿರ ಕೂತು ಮತ್ತೆ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ಕೋಣೆಯ ಹೊರಗೇ ಚಪ್ಪಲಿ ಬಿಡಿಸಿದರಂತೆ, ನೆಲದ ಸದ್ದು ಬರಬಾರದು ಅಂತ. ಗಾಜಿನ ಬಳೆಗಳನ್ನೂ ಬಿಚ್ಚಿಸಿ ಒಂದು ಸ್ಟೀಲ್ ಡಬ್ಬಿಗೆ ಹಾಕಿದರು. ಎತ್ತರದ ಲೆಕ್ಕದಲ್ಲಿ ನಿಲ್ಲಿಸಿದರು. ಅಮ್ಮ ಗಿಡ್ಡ, ಮೊದಲ ಸಾಲಿನ ಕೊನೆಯಲ್ಲಿ, ಮೈಕಿಗೆ ಹತ್ತಿರ. ಕೆಂಪು ದೀಪ ಹತ್ತಿದ ಮೇಲೆ ಕೆಮ್ಮಬಾರದು. ಒಬ್ಬ ಹುಡುಗ ಸೀನಿದ, ಮೊದಲಿನಿಂದ ಹಾಡಬೇಕಾಯಿತು. ನಾಲ್ಕನೇ ಸಲಕ್ಕೆ ಆಯಿತು. ವಾಪಸ್ಸು ಬರುವಾಗ ಬಳೆ ಡಬ್ಬಿಯಲ್ಲಿ ತಮ್ಮ ಬಳೆಯ ಜೊತೆ ಬೇರೆಯವರ ಒಂದು ಹಸಿರು ಬಳೆಯೂ ಬಂದುಬಿಟ್ಟಿತಂತೆ. ಅದನ್ನು ಕೊಡುವುದಕ್ಕೆ ಆಗಲೇ ಇಲ್ಲ ಅಂತ ಈಗಲೂ ಹೇಳುತ್ತಾರೆ.

ಅಜ್ಜ ಒಂದು ಪ್ಲೇಟು ಕೊಂಡಿದ್ದರು. ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ಸುಮ್ಮನೆ ಕವರು ತೆಗೆದು ನೋಡಿ ಇಡುತ್ತಿದ್ದರಂತೆ. ಅಮ್ಮ ಅದನ್ನು ಕೇಳಿದ್ದು ಇಡೀ ಜೀವನದಲ್ಲಿ ಎರಡೇ ಸಲ, ಯಾರದೋ ಮನೆಯಲ್ಲಿ.

ನೇರಮಾತು
ಬಳೆ ಬಿಚ್ಚಿಸಿದ್ದು ಕಟ್ಟಿ ಹೇಳುವ ವಿಷಯ ಅಲ್ಲ. ನಂಬುತ್ತೇನೆ. ಆದರೂ ಪ್ಲೇಟಿನಲ್ಲೇ ಏನಾದರೂ ಸಿಕ್ಕರೆ ಒಳ್ಳೆಯದು.

ಸೌಂಡ್‌ಕಾರ್ಡ್
ಪ್ಲೇಟಿನಲ್ಲಿ ಆ ಸಾಲು ಇನ್ನೂ ಇದ್ದರೂ ಇರಬಹುದು. 45 ಸುತ್ತಿನ ಪ್ಲೇಟಿಗೆ ಒಂದು ಸುತ್ತು ಅಂದರೆ 1.33 ಸೆಕೆಂಡು. ಮುಳ್ಳು ಎರಡು ಗೀರು ಹಾರಿದರೆ ಹತ್ತಿರ ಹತ್ತಿರ 2.7 ಸೆಕೆಂಡು ಹೋಯಿತು. ಅದು ನಿಮ್ಮ ಒಂದು ಸಾಲಿನಷ್ಟೇ. ಗೀರೇ ಕಿತ್ತುಹೋಗಿದ್ದರೆ ಕಷ್ಟ. ಆದರೆ ಹೆಚ್ಚಾಗಿ ಹಾರುವುದು ಒಣಗಿ ಗಟ್ಟಿಯಾದ ಕೊಳೆಯಿಂದ.

ತೊಳೆಯುವುದು ಹೀಗೆ. ನಲ್ಲಿ ನೀರು ಬೇಡ, ಅದರ ಸುಣ್ಣ ಗೀರಿನಲ್ಲೇ ಕೂರುತ್ತೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಪಾತ್ರೆ ತೊಳೆಯುವ ಸೋಪು ಒಂದೇ ಹನಿ. ಮೆತ್ತನೆ ಬ್ರಷ್ಷಿನಲ್ಲಿ ಗೀರಿನ ಗುಂಟ ಸುತ್ತಿಸಬೇಕು, ಅಡ್ಡಡ್ಡ ಉಜ್ಜಬಾರದು. ಲೇಬಲ್‌ಗೆ ನೀರು ತಾಕಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಸಲ. ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ.

ಕಂಪ್ಯೂಟರಿಗೆ ತೆಗೆದುಕೊಳ್ಳುವಾಗ ಫೋನೋ ಪ್ರಿಆಂಪ್ ಬೇಕೇ ಬೇಕು. ಪ್ಲೇಟು ಕೊರೆಯುವಾಗ ತಗ್ಗಿನ ಸ್ವರ ಕುಗ್ಗಿಸಿ, ಮೇಲಿನ ಸ್ವರ ಹಿಗ್ಗಿಸಿ ಕೊರೆದಿರುತ್ತಾರೆ. ಅದನ್ನು ತಿರುಗಿ ಸರಿಮಾಡುವುದು ಆ ಪೆಟ್ಟಿಗೆ. 24 ಬಿಟ್, 96 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ವೇವ್ ಫೈಲ್ ಆಗಿ ಉಳಿಸಿ. ಅಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಚಟಪಟ ಸದ್ದು ತೆಗೆಯುವ ಆಸೆಗೆ ಮೂಲ ಫೈಲನ್ನು ಮುಟ್ಟಬೇಡಿ, ಒಂದು ಪ್ರತಿಯ ಮೇಲೆ ಮಾಡಿ. ನಾನು ಒಮ್ಮೆ ನನ್ನ ಅತ್ತೆಯ ಪ್ಲೇಟುಗಳನ್ನು ಒಂದು ಅಂಗಡಿಗೆ ಕೊಟ್ಟೆ. ಅವರು ಸದ್ದು ತೆಗೆಯಲು ಹೋಗಿ ದನಿಯನ್ನೇ ಬೋಳಿಸಿ ಕೊಟ್ಟರು. ಹಳೇ ಫೈಲ್ ಅಳಿಸಿದ್ದೂ ಆಗಿತ್ತು.

ನಿಮ್ಮ ಊರಿನ ಹತ್ತಿರ ಒಳ್ಳೆ ಪ್ಲೇಯರ್ ಇರುವವರು ಯಾರಾದರೂ ಇದ್ದರೆ ಹೇಳಿ.

ಮುಳ್ಳುಪೆಟ್ಟಿಗೆ
ನಾನು ಮೈಸೂರಿನಲ್ಲೇ ಇದ್ದೇನೆ. ಭಾನುವಾರ ಅಮ್ಮನನ್ನೂ ಕರೆದುಕೊಂಡು ಬನ್ನಿ. ವಿಳಾಸ ಖಾಸಗಿಯಾಗಿ ಕಳಿಸುತ್ತೇನೆ.

ತೀರ್ಥಹಳ್ಳಿಮಳೆ
ಮುಗಿದ ಮೇಲೆ ಯೂಟ್ಯೂಬಿಗೆ ಹಾಕಿಬಿಡಿ, ನಾವೂ ಕೇಳುತ್ತೇವೆ. ಇಷ್ಟು ಹಳೇದಕ್ಕೆ ಯಾರು ಏನು ಕೇಳ್ತಾರೆ?

ಕಾನೂನುಕಟ್ಟೆ
ಹಾಗೆ ಹಾಕುವಂತಿಲ್ಲ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. 1972ರ ಪ್ಲೇಟು ಅಂದರೆ 2032ರ ಕೊನೆಯವರೆಗೆ. ಹಾಡು ಬರೆದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೆ 60 ವರ್ಷ. ನಾಯಿ ಲೇಬಲ್‌ನ ಹಕ್ಕು ಈಗ ಸರಿಗಮ ಕಂಪನಿಯ ಹತ್ತಿರ. ಸ್ವಂತಕ್ಕೆ, ಮನೆಯಲ್ಲಿ ಕೇಳುವುದಕ್ಕೆ ಪ್ರತಿ ಮಾಡಿಕೊಳ್ಳಲು ಕಾನೂನು ಬಿಡುತ್ತೆ. ಲೋಕಕ್ಕೆಲ್ಲ ಹಂಚಬೇಕಾದರೆ ಕಂಪನಿಗೆ ಪತ್ರ ಬರೆದು ಕೇಳಿ.

ತೀರ್ಥಹಳ್ಳಿಮಳೆ
ಹಾಡಿದ ಅಮ್ಮನಿಗೇ ತನ್ನ ದನಿ ಹಾಕುವ ಹಕ್ಕಿಲ್ಲ ಅಂದರೆ ಅದೆಂಥ ನ್ಯಾಯ?

ಕಾನೂನುಕಟ್ಟೆ
ನನಗೂ ಇಷ್ಟ ಆಗದ ಕಾನೂನೇ. ಆದರೆ ಇರುವುದು ಹಾಗೆ. ಗೊತ್ತಿಲ್ಲದೆ ಹಾಕಿ ತೊಂದರೆ ಪಡಬಾರದಲ್ಲ.

ಅಂಚೆಚೀಟಿ
ನಡುವೆ ಒಂದು ಪ್ರಶ್ನೆ. ಆ ಬೆಳ್ಳಿಹಬ್ಬದ ದಿನ ಶಾಲೆಯಲ್ಲಿ ನಿಮಗೆಲ್ಲ ಏನು ಕೊಟ್ಟರು? ನಮಗೆ ಪ್ರಭಾತಫೇರಿ ಮುಗಿದ ಮೇಲೆ ಎರಡು ಪೆಪ್ಪರ್‌ಮೆಂಟು, ಒಂದು ಕಾಗದದ ಬಾವುಟ.

ಮೇಷ್ಟ್ರು_ತಿಪಟೂರು
ನಮ್ಮಲ್ಲಿ ಬೆಲ್ಲದ ಪಾನಕ, ಕೋಸಂಬರಿ. ಊರಿನವರೇ ಮಾಡಿ ತರುತ್ತಿದ್ದರು. ಕಾಗದದ ಬಾವುಟ ನೆಲಕ್ಕೆ ಬೀಳದ ಹಾಗೆ ಸಂಜೆ ಒಂದೊಂದನ್ನೇ ಎತ್ತಿಡುವುದು ಏಳನೇ ಕ್ಲಾಸಿನವರ ಕೆಲಸ.

ಕುಕ್ಕರಹಳ್ಳಿ
ಭಾನುವಾರ ಹೋಗಿ ಬಂದೆವು. ಈಗ ತಾನೇ ಮನೆಗೆ ಬಂದು ಬರೆಯುತ್ತಿದ್ದೇನೆ.

ಮುಳ್ಳುಪೆಟ್ಟಿಗೆಯವರು ಎರಡು ಸಲ ತೊಳೆದರು. ಮೂರನೇ ಪದ್ಯದ ಹತ್ತಿರ ಸಾಸಿವೆಗಿಂತ ಸಣ್ಣದೊಂದು ಮೇಣದ ಚುಕ್ಕೆ ಕೂತಿತ್ತು. ನೆನೆಸಿ ನೆನೆಸಿ ಬ್ರಷ್ಷಿನಲ್ಲಿ ಬಿಡಿಸಿದರು. ಮುಳ್ಳು ಇಟ್ಟರು. ಈ ಸಲ ಹಾರಲಿಲ್ಲ.

ಮೇಷ್ಟ್ರೇ, ನೀವೇ ಸರಿ. "ಅಕ್ಕಿ ಕೇರೋ ಅಮ್ಮಗೊಂದು". ಸ್ಪಷ್ಟವಾಗಿ ಕೇಳಿಸಿತು. ಅಮ್ಮನ ಮುಖ ಸಣ್ಣದಾಯಿತು. "ಹಾಗಾದರೆ ನಾನು ಹಾಡಿದ್ದು?" ಅಂತ ಒಂದೇ ಮಾತು ಕೇಳಿ ಸುಮ್ಮನಾದರು. ಫೈಲನ್ನು ಸೌಂಡ್‌ಕಾರ್ಡ್ ಅವರಿಗೆ ಕಳಿಸಿದ್ದೇನೆ, ಆ ಸಾಲನ್ನು ಒಮ್ಮೆ ನೋಡಿ ಅಂತ.

ಮೇಷ್ಟ್ರು_ತಿಪಟೂರು
ನಾನು ಸರಿ ಆಗಿದ್ದಕ್ಕೆ ಖುಷಿ ಆಗಲಿಲ್ಲ. ತಾಯಿಯವರಿಗೆ ನೋವಾಯಿತಲ್ಲ.

ಸೌಂಡ್‌ಕಾರ್ಡ್
ಮೂರು ಗಂಟೆಯಿಂದ ಇದರ ಮೇಲೇ ಕೂತಿದ್ದೆ. ಎಲ್ಲರೂ ನಿಧಾನವಾಗಿ ಓದಿ.

"ಅಕ್ಕಿ", "ಅಕ್ಷರ" ಎರಡಕ್ಕೂ ಶುರು "ಅಕ್" ಅಂತಲೇ. ಆಮೇಲೆ ಒಂದಕ್ಕೆ "ಕಿ", ಇನ್ನೊಂದಕ್ಕೆ "ಷ". ಷಕಾರ ಬುಸ್ಸೆನ್ನುವ ಸದ್ದು. ಸದ್ದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂನಲ್ಲಿ ಮೇಲುಗಡೆ, ನಾಲ್ಕು ಸಾವಿರ ಹರ್ಟ್ಸ್ ಮೇಲೆ, ಹೊಗೆ ಎದ್ದ ಹಾಗೆ ಕಾಣುತ್ತೆ. "ಕಿ" ಹೇಳಿದರೆ ಸಣ್ಣ ಗೀಟಿನಂತೆ ಬಂದು ಹೋಗುತ್ತೆ. ಎಲ್ಲ ಮಕ್ಕಳೂ "ಕಿ" ಹೇಳುವ ಜಾಗದಲ್ಲಿ ಒಂದು ತೆಳು ಹೊಗೆ ಇದೆ. ಪ್ಲೇಟಿನ ಚಟಪಟ ಇರಬಹುದು ಅಂದುಕೊಂಡೆ. ಆದರೆ ಈ ಸಾಲು ಎರಡು ಸಲ ಬರುತ್ತೆ, ಮೊದಲ ಸಲ ಮಾತ್ರ ಆ ಹೊಗೆ ಇದೆ. ನಿಧಾನ ಮಾಡಿ ಕೇಳಿದೆ. ಒಂದು ಮಗು, ಮೈಕಿಗೆ ಹತ್ತಿರ ಇರುವ ಮಗು, "ಅಕ್ಷ" ಅಂತ ಶುರು ಮಾಡಿ, ತಪ್ಪಾಯಿತು ಅಂತ ಗೊತ್ತಾಗಿ, ಅಲ್ಲಿಗೇ ನಿಲ್ಲಿಸುತ್ತೆ. "ಅಮ್ಮಗೊಂದು" ಬರುವಾಗ ಮತ್ತೆ ಸೇರಿಕೊಳ್ಳುತ್ತೆ.

ಆ ಎರಡು ಸೆಕೆಂಡಿನ ತುಣುಕನ್ನು ಬೇರೆ ಮಾಡಿ ಕಳಿಸಿದ್ದೇನೆ. ಹೆಡ್‌ಫೋನ್ ಹಾಕಿ ಕೇಳಿಸಿ.

ನೇರಮಾತು
ಮೊದಲ ಸಾಲಿನ ಕೊನೆ, ಮೈಕಿಗೆ ಹತ್ತಿರ. ಅಮ್ಮ ಮೊದಲೇ ಹೇಳಿದ್ದರು. ನನ್ನ ಕಡೆಯಿಂದ ಇನ್ನು ಪ್ರಶ್ನೆ ಇಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಸಂಪಿಗೆಮರ
ಕಣ್ಣು ತುಂಬಿ ಬಂತು. ಬೇಗ ಕೇಳಿಸಿ, ಏನಂದರು ಅಂತ ಬರೆಯಿರಿ.

ಕುಕ್ಕರಹಳ್ಳಿ
ಕೇಳಿಸಿದೆ. ಹೆಡ್‌ಫೋನ್ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಆರು ಸಲ ಹಾಕಿಸಿಕೊಂಡರು. ಆಮೇಲೆ ಹೇಳಿದರು: ಶಾಲೆಯಲ್ಲಿ ಮೊದಲು ಕಲಿಸಿದ್ದು "ಅಕ್ಷರ ಕಲಿಸೋ" ಅಂತಲೇ. ಮದರಾಸಿನಲ್ಲಿ, ಬಳೆ ಬಿಚ್ಚಿಸುವಾಗ, ಈ ಪದ ಹೀಗೆ ಹಾಡಿ ಅಂತ ಬದಲಾಯಿಸಿದರು. ತಾನು ತಪ್ಪಿದ್ದು ಆವತ್ತು ಯಾರಿಗೂ ಗೊತ್ತಾಗಲಿಲ್ಲ. ಬೈತಾರೆ ಅಂತ ವಾಪಸ್ಸು ಬರುವ ರೈಲಿನಲ್ಲಿ ಪೂರ್ತಿ ಹೆದರಿಕೊಂಡೇ ಕೂತಿದ್ದರಂತೆ.

ಈಗ ಅತ್ತೆಗೆ ಫೋನು ಮಾಡಿ ಅದೇ ತುಣುಕು ಕೇಳಿಸುತ್ತಿದ್ದಾರೆ.